ಹೂವು, ಎರಡೆಲೆ ಮತ್ತು ಪತ್ರಿಕೆಗಳು

ಬೆಳಗಾವಿ ಜಿಲ್ಲೆಯ ಚುನಾವಣಾ ಫಲಿತಾಂಶ ಬಂದ ಮರುದಿನ ಕನ್ನಡ ಪತ್ರಿಕೆಯನ್ನೂ ಮರಾಠಿ ಪತ್ರಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಅಭ್ಯಾಸ ಚೆಂಬೂರಿನ ಕನ್ನಡಿಗರಾದ ನಮ್ಮಲ್ಲಿ ಹಲವರಿಗಿದೆ. 2013ರಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಇಬ್ಬರು ಗೆದ್ದಾಗ ಅದು ಗಡಿಜನರ ತೀರ್ಪೆಂದು ಒಂದು ಕಡೆಯ ವಾದ. 2018ರಲ್ಲಿ ಒಬ್ಬರೂ ಗೆಲ್ಲದಿದ್ದಾಗ ಗಡಿವಾದವೇ ಮುಗಿಯಿತೆಂದು ಇನ್ನೊಂದು ಕಡೆಯ ಸಂಭ್ರಮ. ಆ ಸಂಭ್ರಮದಲ್ಲಿ ನಾವೂ ಪಾಲುಗೊಂಡೆವು. ಆದರೆ ಮತದಾರನನ್ನು ಕೇಳಿದ್ದು ಶಾಸಕ ಯಾರಾಗಬೇಕೆಂದೇ ಹೊರತು ಬೆಳಗಾವಿ ಯಾವ ರಾಜ್ಯದಲ್ಲಿರಬೇಕೆಂದಲ್ಲ. ಈ ಎರಡು ಪ್ರಶ್ನೆಗಳಿಗೆ ಒಬ್ಬನೇ ಮತದಾರ ಬೇರೆ ಬೇರೆ ಉತ್ತರ ಕೊಡಬಲ್ಲನೆಂಬುದಕ್ಕೆ, ಬೆಳಗಾವಿಯಿಂದ ಘಟ್ಟವಿಳಿದರೆ ಸಿಗುವ ಗೋವೆಯ ಇತಿಹಾಸವೇ ಸಾಕ್ಷಿ.

1961ರ ಡಿಸೆಂಬರ್ 19ರಂದು ವಿಮೋಚನೆಗೊಂಡ ಗೋವೆಯಲ್ಲಿ 1963ರಲ್ಲಿ ಮೊದಲ ಚುನಾವಣೆ ನಡೆಯಿತು. ಮಹಾರಾಷ್ಟ್ರದಲ್ಲಿ ವಿಲೀನವಾಗುವುದನ್ನೇ ಗುರಿಯಾಗಿಸಿಕೊಂಡಿದ್ದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಅಧಿಕಾರಕ್ಕೆ ಬಂದು ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿಗಳಾದರು. ಜನರ ತೀರ್ಪು ಬಂದಾಯಿತು, ಇನ್ನುಳಿದದ್ದು ಕಾಗದಪತ್ರದ ಕೆಲಸ ಮಾತ್ರ ಎಂಬುದು ವಿಲೀನವಾದಿಗಳ ನಿಲುವು. ಯುನೈಟೆಡ್ ಗೋವನ್ಸ್ ಪಕ್ಷದ ಡಾ. ಜ್ಯಾಕ್ ಸಿಕ್ವೇರಾ ಇದನ್ನೊಪ್ಪದೆ, ಪ್ರಶ್ನೆಯನ್ನೇ ನೇರವಾಗಿ ಜನರ ಮುಂದಿಡಬೇಕೆಂದು ಹಟ ಹಿಡಿದರು. 1966ರ ಡಿಸೆಂಬರಿನಲ್ಲಿ ಇದಕ್ಕಾಗಿ ಕಾಯಿದೆಯಾಯಿತು. ಬಾಂದೋಡ್ಕರ್ ಸರ್ಕಾರ ಅಧಿಕಾರದಿಂದ ಕೆಳಗಿಳಿಯಿತು. 1967ರ ಜನವರಿ 16ರಂದು ಜನಮತಗಣನೆ ನಡೆಯಿತು.

ಇಲ್ಲಿ ಪತ್ರಿಕೆಗಳ ಪಾತ್ರ ಬಲು ಸ್ವಾರಸ್ಯದ್ದು. ವಿಲೀನದ ಪರ ‘ಗೋಮಂತಕ’, ವಿರುದ್ಧ ಮಡಗಾಂವಿನ ‘ರಾಷ್ಟ್ರಮತ’. ಎರಡೂ ಮರಾಠಿ ಪತ್ರಿಕೆಗಳೇ! ಮನವೊಲಿಸಬೇಕಾಗಿದ್ದುದು ಮರಾಠಿ ಓದುವವರನ್ನಾದ್ದರಿಂದ, ಕೊಂಕಣಿ ಸ್ವತಂತ್ರ ಭಾಷೆಯೆಂಬ ವಾದವನ್ನೂ ಮರಾಠಿಯಲ್ಲೇ ಹೂಡಬೇಕಾಯಿತು. ‘ರಾಷ್ಟ್ರಮತ’ದಲ್ಲಿ ಉದಯ ಭೆಂಬ್ರೆಯವರ ‘ಬ್ರಹ್ಮಾಸ್ತ್ರ’ ಅಂಕಣ ಆ ಕೆಲಸ ಮಾಡಿತು. ಚುನಾವಣೆಯಾದರೆ ಅಭ್ಯರ್ಥಿಯ ಜಾತಿ, ಟಿಕೆಟ್ಟಿನ ಜಗಳ, ಯಾರು ಮುಂದೆ ಯಾರು ಹಿಂದೆ ಎಂಬುದರಲ್ಲೇ ಪುಟಗಳು ತುಂಬುತ್ತವೆ. ಇಲ್ಲಿ ಅಭ್ಯರ್ಥಿಯೇ ಇಲ್ಲ. ಆದ್ದರಿಂದ ನಾಳೆಯ ಬದುಕಿನ ಬಗೆಗೇ ಬರೆಯಬೇಕಾಯಿತು: ಸರ್ಕಾರಿ ನೌಕರಿಗಳು ಯಾರ ಪಾಲಾಗುತ್ತವೆ, ಮಹಾರಾಷ್ಟ್ರದ ಪಾನನಿಷೇಧ ಬಂದರೆ ಸೇಂದಿ ಇಳಿಸುವವನ ಗತಿಯೇನು, ಕೊಂಕಣಿ ಬರೀ ಉಪಭಾಷೆಯಾದೀತೆ? ವಿಲೀನವಾದಿಗಳಿಗೂ ತಮ್ಮ ಉತ್ತರವಿತ್ತು. ಭಾಟಕಾರ ಭೂಮಾಲೀಕರ ಹಿಡಿತದಿಂದ ಬಹುಜನ ಸಮಾಜ ಬಿಡುಗಡೆಯಾಗಲು ಮಹಾರಾಷ್ಟ್ರವೇ ದಾರಿ ಎಂಬ ಅವರ ಮಾತನ್ನು ಹಗುರವಾಗಿ ಕಾಣಲಾಗದು.

ಹಾಗಿದ್ದೂ ಪ್ರಶ್ನೆಗೆ ಚಿಹ್ನೆ ಬೇಕಾಯಿತು: ವಿಲೀನಕ್ಕೆ ಹೂವು, ಪ್ರತ್ಯೇಕತೆಗೆ ಎರಡೆಲೆ. (ಚುನಾವಣಾ ಕರ್ತವ್ಯಕ್ಕೆ ಹೋಗುವ ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ, ಮತದಾರನ ಕಣ್ಣು ಮೊದಲು ಹುಡುಕುವುದು ಚಿಹ್ನೆಯನ್ನೇ ಎಂಬುದು ಗೊತ್ತು.) ಎರಡೆಲೆಗೆ 1,72,191 ಮತ, ಹೂವಿಗೆ 1,38,170. ವಿಲೀನ 34,021 ಮತಗಳಿಂದ ಬಿದ್ದುಹೋಯಿತು.

ಬಾಂದೋಡ್ಕರರ ಯುಗ ಮುಗಿಯಿತೆಂದು ಯಾರಾದರೂ ಬರೆದಿದ್ದರೆ, ಎರಡೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಗುತ್ತಿತ್ತು. ಮಾರ್ಚ್ 28ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 16 ಸ್ಥಾನ, ಸಿಕ್ವೇರಾ ಪಕ್ಷಕ್ಕೆ 12. ವಿಲೀನವನ್ನು ತಿರಸ್ಕರಿಸಿದ ಜನರೇ ವಿಲೀನವಾದಿಯನ್ನು ಮತ್ತೆ ಗದ್ದುಗೆಗೇರಿಸಿದರು. ತಮ್ಮ ನಾಡು ಅಳಿಯುವುದೂ ಅವರಿಗೆ ಬೇಡವಾಗಿತ್ತು, ಹಳೆಯ ಒಡೆಯರ ಆಳ್ವಿಕೆ ಮರಳುವುದೂ ಬೇಡವಾಗಿತ್ತು ಎಂದೇ ನಾವು ಇದನ್ನು ಓದುತ್ತೇವೆ.

ಅದೇ ತಿಂಗಳುಗಳಲ್ಲಿ ಮಹಾಜನ್ ಆಯೋಗ ನಮ್ಮ ಗಡಿಯ ವಿಚಾರಣೆ ನಡೆಸುತ್ತಿತ್ತು. ಬೆಳಗಾವಿಗಾಗಲಿ ಕಾಸರಗೋಡಿಗಾಗಲಿ ಹೂವು, ಎರಡೆಲೆಗಳು ಬರಲಿಲ್ಲ. ಬಾರದ ಆ ಮತಗಣನೆಯ ಜಾಗದಲ್ಲಿ ಪತ್ರಿಕೆಗಳು ಪ್ರತಿಯೊಂದು ಚುನಾವಣೆಯನ್ನೂ ತಂದು ಕೂರಿಸುತ್ತಿವೆ. ಮರಾಠಿ ಪತ್ರಿಕೆಗಳನ್ನಷ್ಟೇ ದೂರುವಂತಿಲ್ಲ. ಮಂಜೇಶ್ವರದಲ್ಲಿ 1957ರಲ್ಲಿ ಎಂ. ಉಮೇಶ್ ರಾವ್ ಅವಿರೋಧವಾಗಿ ಆರಿಸಿಬಂದದ್ದನ್ನು, ಮುಂದೆ ಮಹಾಬಲ ಭಂಡಾರಿಯವರು ಗೆದ್ದದ್ದನ್ನು ನಮ್ಮವರು ಕನ್ನಡದ ಜನಮತವೆಂದೇ ಎಣಿಸುತ್ತಾರೆ. 1970ರಲ್ಲಿ ಅದೇ ಕ್ಷೇತ್ರದಿಂದ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಗೆದ್ದದ್ದಕ್ಕೆ ಮಾತ್ರ, ಚುನಾವಣೆ ಬೇರೆ ಗಡಿ ಬೇರೆ ಎನ್ನುತ್ತಾರೆ.