ಕಾದ ಬರೆಯಿಂದ ಸಣ್ಣ ಸೂಜಿಗೆ

ವರದಾ ನದಿ ಹುಟ್ಟುವುದು ಸಾಗರದ ಬಳಿಯ ವರದಮೂಲದಲ್ಲಿ. ಅಲ್ಲಿಂದ ಉತ್ತರಕ್ಕೆ ಹರಿದು, ಬನವಾಸಿಯನ್ನು ಬಳಸಿ ತುಂಗಭದ್ರೆಯನ್ನು ಸೇರುತ್ತದೆ. ಯಾವ ಹೊಳೆಯ ನೀರೇ ಆಗಲಿ, ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆನ್ನಲಾಗದು. ಮಲ ಬೆರೆತ ನೀರಿನೊಡನೆ ಅಮೀಬಾ ಎಂಬ ಸೂಕ್ಷ್ಮಜೀವಿ ಕರುಳು ಸೇರಿದರೆ ಆಮಶಂಕೆ ಬರಬಹುದು. ಅದು ರಕ್ತದ ಮೂಲಕ ಲಿವರ್ ತಲುಪಿದರೆ ಅಲ್ಲಿ ಕೀವು ತುಂಬುತ್ತದೆ. ಬಲ ಪಕ್ಕೆಯಲ್ಲಿ ನೋವು, ಚಳಿಜ್ವರ, ಊಟ ಸೇರದಿರುವುದು ಇದರ ಲಕ್ಷಣಗಳು. ಇಂದು ಮಲೆನಾಡಿನ ರೋಗಿಯನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕರೆದೊಯ್ದರೆ, ಸ್ಕ್ಯಾನ್ ನೋಡಿಕೊಂಡು ಸೂಜಿ ಅಥವಾ ಸಣ್ಣ ಟ್ಯೂಬಿನಿಂದ ಕೀವು ಹೊರತೆಗೆಯುತ್ತಾರೆ. ಹೆಚ್ಚಿನವರು ಗುಣಮುಖರಾಗಿ ಮನೆಗೆ ಮರಳುತ್ತಾರೆ. ನೂರಿಪ್ಪತ್ತು ವರ್ಷಗಳ ಹಿಂದೆ ಹೀಗೆ ಹೇಳುವ ಧೈರ್ಯ ಯಾವ ವೈದ್ಯನಿಗೂ ಇರಲಿಲ್ಲ.

ರೋಗ ಮಾತ್ರ ಹಳೆಯದು. ಒಳಗಿನ ವಿದ್ರಧಿ, ಅಂದರೆ ಕೀವಿನ ಬಾವು, ಏಳುವ ಜಾಗಗಳಲ್ಲಿ ಸುಶ್ರುತ ಸಂಹಿತೆ ಯಕೃತ್ತನ್ನೂ ಹೆಸರಿಸುತ್ತದೆ. ಕ್ರಿ.ಶ. 1000ದ ಸುಮಾರಿಗೆ ಸ್ಪೇನಿನ ಕೊರ್ದೋವಾದಲ್ಲಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟರು. ಲಿವರಿನ ಬಾವನ್ನು ಕಾದ ಕಬ್ಬಿಣದ ಬರೆಯಿಂದ ತೂತು ಮಾಡಿ ಕೀವು ಹರಿಸುವ ವಿಧಾನ ಅದರಲ್ಲಿದೆ. ನೋವಿನ ಬಗೆಯನ್ನು ನೋಡಿ ಬಾವು ಎಷ್ಟು ಆಳದಲ್ಲಿದೆಯೆಂದು ಅಂದಾಜಿಸಬೇಕು; ದೀರ್ಘ ಅನುಭವವಿಲ್ಲದವನು ಈ ಕೆಲಸಕ್ಕೆ ಕೈ ಹಾಕಬಾರದು ಎಂದು ಅವರು ಎಚ್ಚರಿಸುತ್ತಾರೆ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಬೆರಳ ತುದಿಯೇ ಸ್ಕ್ಯಾನ್!

ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಆಸ್ಪತ್ರೆಗಳಲ್ಲಿ ಹೊಟ್ಟೆ ಕೊಯ್ದು ಕೀವು ತೆಗೆಯುತ್ತಿದ್ದರು. ಹಾಗೆ ಕೊಯ್ಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಕಲ್ಕತ್ತೆಯಲ್ಲಿದ್ದ ಲಿಯೊನಾರ್ಡ್ ರಾಜರ್ಸ್ ಇದರ ಕಾರಣ ಹುಡುಕಿದರು. ಅಮೀಬಾದ ಕೀವಿನಲ್ಲಿ ಸಾಮಾನ್ಯವಾಗಿ ಬೇರೆ ಬ್ಯಾಕ್ಟೀರಿಯಾ ಇರುವುದಿಲ್ಲ. ತೆರೆದ ಗಾಯದ ಮೂಲಕ ಅವು ಒಳಹೊಕ್ಕು ರೋಗಿಯನ್ನು ಕೊಲ್ಲುತ್ತಿದ್ದವು. ಹಾಗಾಗಿ ಕೊಯ್ಯದೆ ಸೂಜಿಯಿಂದ ಹೀರಿ ತೆಗೆಯುವುದೇ ಲೇಸೆಂದು ಅವರು ವಾದಿಸಿದರು. 1912ರಲ್ಲಿ ಇಪೆಕಾಕ್ ಬೇರಿನ ಸಾರವಾದ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು. ಜೀವ ಉಳಿಸಿದ ಮದ್ದು ಅದು, ಆದರೆ ಹೃದಯಕ್ಕೆ ಅಪಾಯಕಾರಿ. ಆ ಭಯ ನೀಗಿದ್ದು 1966ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ವೈದ್ಯರು ಮೆಟ್ರೊನಿಡಜೋಲ್ ಮಾತ್ರೆಯಿಂದ ಈ ಬಾವು ಗುಣವಾಗುವುದನ್ನು ತೋರಿಸಿಕೊಟ್ಟಾಗ. ಈಗ ಅಮೀಬಾದ ಬಾವು ಬಹುಪಾಲು ಔಷಧಿಗೇ ಕರಗುತ್ತದೆ. ಬಾವು ತೀರಾ ದೊಡ್ಡದಿದ್ದರೆ, ಒಡೆಯುವಂತಿದ್ದರೆ, ಔಷಧಿಗೆ ಜಗ್ಗದಿದ್ದರೆ ಮಾತ್ರ ಸೂಜಿ ಅಥವಾ ಟ್ಯೂಬು. ಬ್ಯಾಕ್ಟೀರಿಯಾದಿಂದಾದ ಬಾವಿನ ದಾರಿ ಬೇರೆ. ಅದಕ್ಕೆ ವಾರಗಟ್ಟಲೆ ಆಂಟಿಬಯೋಟಿಕ್ ಬೇಕು.

ಎಡವಟ್ಟಾಗುವುದು ಮನೆಗೆ ಬಂದ ಮೇಲೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಮೆಟ್ರೊನಿಡಜೋಲ್ ಲಿವರಿನ ಅಮೀಬಾವನ್ನು ಕೊಲ್ಲುತ್ತದೆಯೇ ಹೊರತು ಕರುಳಿನಲ್ಲಿ ಅಡಗಿದ್ದನ್ನು ಪೂರ್ತಿ ತೆಗೆಯುವುದಿಲ್ಲ. ಅದಕ್ಕಾಗಿಯೇ ಡಿಲೊಕ್ಸನೈಡ್‌ನಂಥ ಎರಡನೆಯ ಔಷಧಿಯನ್ನು ಬರೆದುಕೊಡುತ್ತಾರೆ. ಚೀಟಿಯಲ್ಲಿ ಕೊನೆಗಿರುವ ಈ ಹೆಸರನ್ನು ಬಿಟ್ಟರೆ ರೋಗ ಮರಳಬಹುದು. ಈ ಮಾತ್ರೆಗಳ ನಡುವೆ ಮದ್ಯ ಮುಟ್ಟಬಾರದು. ಕುಡಿಯುವ ಗಂಡಸರಲ್ಲೇ ಈ ಬಾವು ಹೆಚ್ಚೆಂಬುದೂ ನೆನಪಿರಲಿ.

ಇನ್ನು ಸ್ಕ್ಯಾನ್. ರೋಗಿ ಗೆಲುವಾಗಿ ಉಂಡು ಓಡಾಡುತ್ತಿದ್ದರೂ ಬಾವಿದ್ದ ಜಾಗದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಕಂಡು ಮನೆಯವರು ಹೆದರಿ ಮತ್ತೆ ಚುಚ್ಚಿಸಲು ಓಡಬೇಕಾಗಿಲ್ಲ. ಜ್ವರವೋ ಪಕ್ಕೆನೋವೋ ಮರಳಿದರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಬೇಕು.