ಬೆಕ್ಕಿನ ಬಟ್ಟಲಿಗೆ ನಾರು ಬಂದ ದಾರಿ

ಬೆಕ್ಕು ಅಪ್ಪಟ ಮಾಂಸಾಹಾರಿ. ಮೈಯ ಉದ್ದಕ್ಕೆ ಹೋಲಿಸಿದರೆ ಅದರ ಕರುಳು ನಾಯಿಯ ಕರುಳಿಗಿಂತ ಗಿಡ್ಡ. ಕುದುರೆ, ಮೊಲಗಳಲ್ಲಿ ಮೇವು ಹುದುಗುವ ಹಂಡೆಯಂತಿರುವ ಕುರುಡುಕರುಳು ಬೆಕ್ಕಿನಲ್ಲಿ ಹೆಸರಿಗಷ್ಟೇ ಉಂಟು. ಇಂಥ ಪ್ರಾಣಿಯ ಊಟಕ್ಕೆ ಇಂದು ಬೀಟ್ ಸಿಪ್ಪೆ, ಚಿಕೋರಿ ಬೇರಿನ ಪುಡಿ, ಇಸಬ್‌ಗೋಲ್ ಹೊಟ್ಟು ಸೇರುತ್ತವೆ. ಇವು ಬಂದ ದಾರಿಯನ್ನು ಹಿಡಿದು ಹಿಂದೆ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಬೆಕ್ಕಿನ ಬಟ್ಟಲು ತುಂಬಿದ್ದು ಬಹುಮಟ್ಟಿಗೆ ಬೇರೆ ಕಸುಬುಗಳಲ್ಲಿ ಮಿಕ್ಕ ಮಾಲಿನಿಂದ. ಅದು ಯಾಕೆ ಒಳ್ಳೆಯದು ಎಂಬ ವಿವರಣೆ ತಡವಾಗಿ ಬಂತು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಆ ಮಿಕ್ಕ ಮಾಲು ಕುದುರೆ. ಗಾಡಿ ಎಳೆದು ಸವೆದ ಕುದುರೆಗಳನ್ನು ಕಡಿದು ಬೇಯಿಸುವ ಅಂಗಳಗಳಿದ್ದವು. ಅಲ್ಲಿಂದ ಸಗಟಾಗಿ ಕೊಂಡ ಮಾಂಸವನ್ನು ಕಡ್ಡಿಗೆ ಚುಚ್ಚಿ, ಬೀದಿ ಬೀದಿಯಲ್ಲಿ ಕೂಗುತ್ತ ಕಾಸಿಗೊಂದು ತುಂಡು ಮಾರುವವರಿದ್ದರು. ಲಂಡನ್ನಿನ ಬಡ ದುಡಿಮೆಗಾರರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ 1850ರ ಸುಮಾರಿಗೆ ಇಂಥ ಮಾರಾಟಗಾರರು ಒಂದು ಸಾವಿರ, ನಗರದ ಬೆಕ್ಕುಗಳು ಮೂರು ಲಕ್ಷ ಎಂದು ಅಂದಾಜು ಮಾಡಿದ. ಆ ಬೆಕ್ಕುಗಳಿಗೆ ನಾರಿನ ಯೋಚನೆ ಯಾರೂ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಕುದುರೆ ಮಾಂಸ ಸಾಲದಿದ್ದರೆ ಇಲಿ ಇತ್ತು. ಇಲಿಯ ಜೊತೆಗೆ ಅದರ ಕೂದಲು, ಎಲುಬು, ಚರ್ಮವೂ ಹೊಟ್ಟೆಗೆ ಹೋಗುತ್ತಿದ್ದವು.

ಗಿಡದ ನಾರು ಮೊದಲು ಹೊಕ್ಕಿದ್ದು ಪಕ್ಕದ ಮನೆಯ ಬಾಗಿಲಿನಿಂದ, ಎಂದರೆ ನಾಯಿಯ ಬಿಸ್ಕತ್ತಿನ ಮೂಲಕ. ಸಿಡಿಲುಗಂಬಿ ಮಾರಲು ಅಮೆರಿಕದಿಂದ ಲಂಡನ್ನಿಗೆ ಬಂದಿದ್ದ ಜೇಮ್ಸ್ ಸ್ಪ್ರ್ಯಾಟ್ 1860ರ ದಶಕದ ಆರಂಭದಲ್ಲಿ ಗೋಧಿ ಹಿಟ್ಟು, ಮಾಂಸ, ತರಕಾರಿ, ಬೀಟ್‌ರೂಟ್ ಬೆರೆಸಿದ ನಾಯಿ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದ. ಮುಂದೆ ಅದೇ ಕಂಪನಿ ಬೆಕ್ಕಿನ ಆಹಾರವನ್ನೂ ಮಾರಿತು. ಎರಡನೆಯ ಮಹಾಯುದ್ಧದಲ್ಲಿ ತವರದ ಅಭಾವ ತಲೆದೋರಿ ಡಬ್ಬಿ ಮಾಂಸ ಹಿಂದೆ ಸರಿದಾಗ ಒಣ ಆಹಾರಕ್ಕೆ ದಾರಿ ತೆರೆಯಿತು. 1950ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಹಿಟ್ಟನ್ನು ಬಿಸಿ ಒತ್ತಡದಲ್ಲಿ ಉಬ್ಬಿಸಿ ಕಾಳು ಮಾಡುವ ಯಂತ್ರಗಳನ್ನು ಸಾಕುಪ್ರಾಣಿಗಳ ಆಹಾರಕ್ಕೆ ಹೂಡಿದವು. ಬರೀ ಮಾಂಸ ಉಬ್ಬುವುದಿಲ್ಲ, ಪಿಷ್ಟ ಬೇಕೇ ಬೇಕು. ಮೆಕ್ಕೆಜೋಳ, ಅಕ್ಕಿ, ಗೋಧಿ ಬೆಕ್ಕಿನ ಊಟವಾದದ್ದು ಯಂತ್ರದ ಅನುಕೂಲಕ್ಕೆ.

ನಾರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಆಹಾರದ್ದಲ್ಲ, ಮಣ್ಣಿನದು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬವನು, ಬೆಕ್ಕಿನ ಪೆಟ್ಟಿಗೆಗೆ ಮರಳು ಕೇಳಿದ ನೆರೆಯವಳಿಗೆ ತೇವ ಹೀರುವ ಒಣ ಜೇಡಿಮಣ್ಣು ಕೊಟ್ಟ. ಅದೇ ದೊಡ್ಡ ವ್ಯಾಪಾರವಾಯಿತು. ಅಲ್ಲಿಯವರೆಗೆ ಬೆಕ್ಕು ಹಿತ್ತಲಲ್ಲಿ ಮಣ್ಣು ಕೆದರಿ ಮುಚ್ಚಿ ಬರುತ್ತಿದ್ದುದನ್ನು ಮನೆಯವರು ನೋಡಿದ್ದೇ ಕಡಿಮೆ. ಈಗ ಅದು ದಿನವೂ ಕಣ್ಣೆದುರು, ಮೂಗಿನೆದುರು. ಭೇದಿಯೋ ಮಲಬದ್ಧತೆಯೋ ಕೂಡಲೇ ತಿಳಿಯತೊಡಗಿತು. ಮನೆಯೊಳಗೇ ಉಳಿದ ಬೆಕ್ಕು ತನ್ನ ಮೈಯನ್ನು ನೆಕ್ಕಿ ನುಂಗಿದ ಕೂದಲು ಉಂಡೆಯಾಗಿ ನೆಲಹಾಸಿನ ಮೇಲೆ ಬಿತ್ತು. ಕೂದಲುಂಡೆಗೆ, ಬೊಜ್ಜಿಗೆ ಮದ್ದಾಗಿ ಕಾಗದದ ಕಸುಬಿನ ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸ್ ಪುಡಿ ಆಹಾರಕ್ಕೆ ಸೇರಿತು. ಅದು ಹುದುಗುವುದಿಲ್ಲ, ಹೊಟ್ಟೆ ತುಂಬಿಸಿ ಹಾಗೇ ಹೊರಗೆ ಹೋಗುತ್ತದೆ.

ಹುದುಗುವ ನಾರಿನ ಕಥೆ ನೆಪೋಲಿಯನ್ ಕಾಲದ್ದು. 1806ರಲ್ಲಿ ಅವನು ಬ್ರಿಟನ್ನಿನ ವ್ಯಾಪಾರಕ್ಕೆ ಯೂರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಕಬ್ಬಿನ ಸಕ್ಕರೆಯೂ ಕಾಫಿಯೂ ದುರ್ಲಭವಾದವು. ಸಕ್ಕರೆಗೆ ಬದಲಾಗಿ ಬಿಳಿ ಬೀಟ್, ಕಾಫಿಗೆ ಬದಲಾಗಿ ಹುರಿದ ಚಿಕೋರಿ ಬೇರು ಹಬ್ಬಿದವು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉಳಿಯುವಂತೆ ಬೀಟ್ ಕಾರ್ಖಾನೆಯಲ್ಲಿ ರಸ ತೆಗೆದ ಸಿಪ್ಪೆ ರಾಶಿ ಬಿತ್ತು. ಅದು ದನಗಳ ಮೇವಾಯಿತು, ಮುಂದೆ ನಾಯಿ ಬೆಕ್ಕುಗಳ ಪಾಲಿಗೂ ಬಂತು. ಚಿಕೋರಿ ಬೇರಿನಲ್ಲಿ ಇರುವುದು ಇನ್ಯುಲಿನ್. 1804ರಲ್ಲಿ ಜರ್ಮನ್ ವಿಜ್ಞಾನಿ ವ್ಯಾಲೆಂಟಿನ್ ರೋಸ್ ಬೇರೊಂದು ಗಿಡದ ಬೇರಿನಲ್ಲಿ ಕಂಡ ವಸ್ತು ಅದು. ಫಿಲ್ಟರ್ ಕಾಫಿಯ ಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕೆಂದು ಅಂಗಡಿಯವನಿಗೆ ಹೇಳುವ ಬೆಂಗಳೂರು, ಮೈಸೂರಿನ ಮನೆಗಳಿಗೆ ಈ ಬೇರು ಹಳೆಯ ಪರಿಚಯ. ಆದರೆ ಹುರಿದಾಗ ಇನ್ಯುಲಿನ್ನಿನ ಬಹುಪಾಲು ಒಡೆದು ಹೋಗುವುದರಿಂದ ಕಾಫಿಯ ಗಷ್ಟನ್ನು ಬೆಕ್ಕಿನ ಮದ್ದೆಂದು ಯಾರೂ ತಿಳಿಯಬಾರದು. ಕೆಫೀನ್ ಬೆಕ್ಕಿಗೆ ವಿಷ.

ಬೆಕ್ಕಿನ ಕರುಳಿನ ಸೂಕ್ಷ್ಮಜೀವಿಗಳ ಕಡೆಗೆ ವಿಜ್ಞಾನಿಗಳ ಗಮನ ತಿರುಗಲು ಒಂದು ಕಾರಣ ಹೃದ್ರೋಗ. ಸರಿಯಾದ ಆಹಾರವೆಂದು ಮಾರಲಾಗುತ್ತಿದ್ದುದನ್ನೇ ತಿಂದ ಬೆಕ್ಕುಗಳ ಹೃದಯ ಹಿಗ್ಗುವುದಕ್ಕೆ ಟಾರಿನ್ ಎಂಬ ಪೋಷಕದ ಕೊರತೆ ಕಾರಣವೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ವಿಚಿತ್ರವೆಂದರೆ ಡಬ್ಬಿ ಆಹಾರಕ್ಕೆ ಒಣ ಆಹಾರಕ್ಕಿಂತ ಹೆಚ್ಚು ಟಾರಿನ್ ಬೇಕಿತ್ತು. ಡಬ್ಬಿಯಲ್ಲಿ ಬಹಳ ಕಾದ ಪ್ರೋಟೀನ್ ಪೂರ್ತಿ ಜೀರ್ಣವಾಗದೆ ಕೆಳಗಿಳಿದು, ಅಲ್ಲಿನ ಬ್ಯಾಕ್ಟೀರಿಯಗಳು ಬೆಳೆದು, ಪಿತ್ತರಸದ ಜೊತೆ ಬಂದ ಟಾರಿನ್ನನ್ನೂ ಮುಗಿಸುತ್ತಿದ್ದವು. ಇಂದಿಗೂ ಅಮೆರಿಕದ ನಿಯಮ ಒಣ ಆಹಾರಕ್ಕೆ ಶೇ. 0.1, ಡಬ್ಬಿಗೆ ಶೇ. 0.2 ಟಾರಿನ್ ಕೇಳುತ್ತದೆ. ಬೆಕ್ಕಿಗೆ ಏನು ಹಾಕಿದರೂ ಅದರ ಒಳಗಿನ ಜೀವಿಗಳಿಗೂ ಬಡಿಸಿದಂತೆ ಎಂಬುದು ಸ್ಪಷ್ಟವಾಯಿತು.

ಅಷ್ಟರಲ್ಲಿ ಮನುಷ್ಯರ ಕಡೆಯಿಂದ ಹೊಸ ಪದವೊಂದು ಬಂತು. ಜಪಾನಿನ ಕಂಪನಿಗಳು 1980ರ ದಶಕದಲ್ಲೇ ಸಕ್ಕರೆಯಿಂದ ಮಾಡಿದ ಫ್ರಕ್ಟೋ-ಆಲಿಗೋಸ್ಯಾಕರೈಡ್ ಮಾರುತ್ತಿದ್ದವು. ಬೆಲ್ಜಿಯಮ್ಮಿನಲ್ಲಿ ಬೀಟ್ ಸಕ್ಕರೆಯ ಅನುಭವವಿದ್ದವರು ಚಿಕೋರಿಯಿಂದ ಇನ್ಯುಲಿನ್ ತೆಗೆಯುವ ಕಾರ್ಖಾನೆಗಳನ್ನು ನಡೆಸತೊಡಗಿದರು. 1995ರಲ್ಲಿ ಬ್ರಿಟನ್ನಿನ ಗ್ಲೆನ್ ಗಿಬ್ಸನ್, ಬೆಲ್ಜಿಯಮ್ಮಿನ ಮಾರ್ಸೆಲ್ ರೊಬರ್‌ಫ್ರಾಯ್ಡ್ ಇಂಥ ವಸ್ತುಗಳಿಗೆ ‘ಪ್ರೀಬಯಾಟಿಕ್’ ಎಂದು ಹೆಸರಿಟ್ಟರು: ತಿಂದವರಿಗೆ ಜೀರ್ಣವಾಗದೆ ದೊಡ್ಡ ಕರುಳಿನ ಹಿತಕರ ಬ್ಯಾಕ್ಟೀರಿಯಗಳಿಗೆ ಆಹಾರವಾಗುವಂಥವು.

ಬೆಕ್ಕಿನ ಮೇಲಿನ ಪ್ರಯೋಗಗಳೂ ಅದೇ ದಶಕದವು. ಜಪಾನಿನಲ್ಲಿ ಲ್ಯಾಕ್ಟೋಸುಕ್ರೋಸ್ ಎಂಬ ಇಂಥದ್ದೇ ವಸ್ತುವನ್ನು ತಿನ್ನಿಸಿ ನೋಡಿದವರು ಮಲದ ದುರ್ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಪೆಟ್ಟಿಗೆ ಮನೆಯೊಳಗಿದ್ದ ಮೇಲೆ ಅದು ಸಣ್ಣ ವಿಷಯವಲ್ಲ. 1995ರಲ್ಲಿ ಅಮೆರಿಕದ ಸನ್‌ವೊಲ್ಡ್ ಮತ್ತು ಸಂಗಡಿಗರು ನಾನಾ ನಾರುಗಳನ್ನು ಬೆಕ್ಕಿನ ಮಲದ ಬ್ಯಾಕ್ಟೀರಿಯಗಳಿಗೆ ಒಡ್ಡಿದಾಗ ಸೆಲ್ಯುಲೋಸ್ ಹುದುಗಲೇ ಇಲ್ಲವೆನ್ನಬಹುದು, ಪೆಕ್ಟಿನ್ ಬೇಗ ಹುದುಗಿತು, ಬೀಟ್ ಸಿಪ್ಪೆ ನಡುವೆ ನಿಂತಿತು. ಬೇಗ ಹುದುಗುವುದನ್ನು ಹೆಚ್ಚು ತಿನ್ನಿಸಿದರೆ ಮಲ ಸಡಿಲವಾಗುತ್ತಿತ್ತು. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಹಾರದ ಶೇ. 0.75ರಷ್ಟು ಫ್ರಕ್ಟೋ-ಆಲಿಗೋಸ್ಯಾಕರೈಡ್ ಬೆರೆಸಿದಾಗ ಆರೋಗ್ಯವಂತ ಬೆಕ್ಕುಗಳ ಮಲದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿ, ಇ. ಕೋಲಿ ಇಳಿಯಿತು. ಬ್ಯಾಕ್ಟೀರಿಯಗಳ ಎಣಿಕೆ ಬದಲಾದದ್ದು ನಿಜ. ರೋಗ ವಾಸಿಯಾಯಿತೆಂದು ಅದರಿಂದ ಹೇಳಲಾಗದು. ಪೊಟ್ಟಣದ ಮೇಲಿನ ಜಾಹೀರಾತು ಈ ಅಂತರವನ್ನು ಸುಲಭವಾಗಿ ಹಾರುತ್ತದೆ.

ಇಸಬ್‌ಗೋಲ್ ಬೇರೆ ಜಾತಿಯದು. ಗುಜರಾತಿನ ಊಂಝಾ ಮಾರುಕಟ್ಟೆಗೆ ಹೆಸರು ತಂದ ಈ ಹೊಟ್ಟು ನೀರು ಹಿಡಿದು ಲೋಳೆಯಾಗುತ್ತದೆ, ಅಷ್ಟಾಗಿ ಹುದುಗುವುದಿಲ್ಲ. ಮಲಬದ್ಧತೆಯ ಬೆಕ್ಕುಗಳಿಗೆ ಪಶುವೈದ್ಯರು ಹೇಳುವುದು ಈ ಗುಣಕ್ಕಾಗಿ. ಪ್ರೀಬಯಾಟಿಕ್ ಎಂಬ ಹೆಸರು ಅದಕ್ಕೆ ಅಷ್ಟು ಒಪ್ಪುವುದಿಲ್ಲ. ಹಾಲಿನ ಸಕ್ಕರೆಯೂ ಬೆಳೆದ ಬೆಕ್ಕಿನಲ್ಲಿ ಸರಿಯಾಗಿ ಜೀರ್ಣವಾಗದೆ ಕೆಳಗಿಳಿದು ಹುದುಗುತ್ತದೆ, ಆದರೆ ಭೇದಿಯ ರೂಪದಲ್ಲಿ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕು ಒಂದು ಲೆಕ್ಕದಲ್ಲಿ ಜಾಣ ಬೆಕ್ಕು.

ಕೊನೆಗೆ ಇಲಿಯ ಕೂದಲಿಗೂ ಮರ್ಯಾದೆ ಬಂತು. 2010ರ ದಶಕದಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಮೃಗಾಲಯದ ಚೀತಾಗಳಿಗೆ ಒಮ್ಮೆ ಬರೀ ದನದ ಮಾಂಸವನ್ನೂ ಇನ್ನೊಮ್ಮೆ ಇಡೀ ಮೊಲವನ್ನೂ ಕೊಟ್ಟು ನೋಡಿದರು. ಮೊಲ ತಿಂದಾಗ ಮಲದಲ್ಲಿ ಕೊಳೆತದ ಸಂಯುಕ್ತಗಳು ಕಡಿಮೆ. ಜೀರ್ಣವಾಗದ ಚರ್ಮ, ಕೂದಲು, ಮೃದ್ವಸ್ಥಿ ನಾರಿನ ಕೆಲಸ ಮಾಡುತ್ತವೆಂದು ಅವರು ವಿವರಿಸಿದರು. ಇದಕ್ಕೆ ‘ಪ್ರಾಣಿ ನಾರು’ ಎಂಬ ಹೆಸರೂ ಬಂತು.

ಬೆಕ್ಕಿನ ಆಹಾರದಲ್ಲಿ ಇಷ್ಟೇ ನಾರು ಇರಲೇಬೇಕೆಂಬ ಕನಿಷ್ಠ ಪ್ರಮಾಣವನ್ನು ಅಮೆರಿಕದ ಪೋಷಕಾಂಶದ ಪಟ್ಟಿ ಇಂದಿಗೂ ಗೊತ್ತುಮಾಡಿಲ್ಲ. ಪೊಟ್ಟಣದ ಮೇಲೆ ಕಾಣುವ ‘ಕಚ್ಚಾ ನಾರು’ ಎಂಬ ಅಂಕಿಯ ಮೂಲ ಜರ್ಮನಿಯ ವೇಂಡೆಯಲ್ಲಿ 1860ರ ಸುಮಾರಿಗೆ ದನದ ಮೇವನ್ನು ಅಳೆಯಲು ರೂಪಿಸಿದ ವಿಧಾನ. ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿ ಕರಗದೆ ಉಳಿದದ್ದನ್ನಷ್ಟೇ ಅದು ಎಣಿಸುತ್ತದೆ. ಇನ್ಯುಲಿನ್ ನೀರಿನಲ್ಲೇ ಕರಗುವಂಥದು. ಬಟ್ಟಲಿಗೆ ಎಷ್ಟೇ ಸುರಿದರೂ ಆ ಅಂಕಿಯಲ್ಲಿ ಕಾಣುವುದಿಲ್ಲ.