‘ಚಿಕ್ಕಂದಿನಲ್ಲಿ ನೀವು ಹೇಗಿದ್ದಿರಿ?’

ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ಕೂರುವ ಮಗು, ಕೂತಲ್ಲಿ ಕೂರದ ಮಗು, ಪೆನ್ಸಿಲು ಛತ್ರಿಗಳನ್ನು ದಿನಕ್ಕೊಂದರಂತೆ ಕಳೆದುಕೊಂಡು ಬರುವ ಮಗು ಯಾವ ಊರಿನಲ್ಲಿ ಇಲ್ಲ? ಇಂಥ ಮಕ್ಕಳ ತಾಯ್ತಂದೆಯರಿಗೆ ಹಿರಿಯರು ಹೇಳುವ ಸಮಾಧಾನವೂ ಒಂದೇ: ‘ದೊಡ್ಡವನಾದ ಮೇಲೆ ಸರಿಹೋಗುತ್ತಾನೆ, ಬಿಡಿ.’ ಇದು ಮನೆಯ ಹಿರಿಯರ ಮಾತು ಮಾತ್ರವಲ್ಲ. ಇಂದು ಎ.ಡಿ.ಎಚ್.ಡಿ. ಎಂದು ಕರೆಯುವ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ ಬಗ್ಗೆ ಸುಮಾರು ನೂರೆಂಬತ್ತು ವರ್ಷ ವೈದ್ಯಶಾಸ್ತ್ರವೂ ಹೀಗೆಯೇ ನಂಬಿತ್ತು. ಹಾಗಾಗಿ, ದೊಡ್ಡವರಾದರೂ ಸರಿಹೋಗದವರನ್ನು ವಿಚಾರಿಸುವವರೇ ಇರಲಿಲ್ಲ.

ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿ ಮನೋವಿಕಾರಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ. ಗಮನಶಕ್ತಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಯಾವುದೊಂದರ ಮೇಲೂ ಮನಸ್ಸು ನಿಲ್ಲದಿರುವುದು ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಓದಿಗೆ ಅಡ್ಡಿಯಾಗುತ್ತದೆ ಎಂದು ಅವನು ಬರೆದ. ಜೊತೆಗೆ, ಅದೃಷ್ಟವಶಾತ್ ವಯಸ್ಸಾದಂತೆ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದೂ ಸೇರಿಸಿದ.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್ರಿಕ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ತನ್ನ ಮೂರು ವರ್ಷದ ಮಗನಿಗಾಗಿ ಒಂದು ಚಿತ್ರಪುಸ್ತಕ ತಯಾರಿಸಿದ. ಮರುವರ್ಷ ಅಚ್ಚಾದ ಆ ಪುಸ್ತಕಕ್ಕೆ ಮುಂದಿನ ಮುದ್ರಣಗಳಲ್ಲಿ ಇಬ್ಬರು ಹುಡುಗರು ಸೇರಿಕೊಂಡರು. ಒಬ್ಬ, ಊಟದ ಮೇಜಿನಲ್ಲಿ ಕುರ್ಚಿ ಓಲಾಡಿಸಿ ಮೇಜುವಸ್ತ್ರದ ಸಮೇತ ಎಲ್ಲವನ್ನೂ ಕೆಳಗೆಳೆದುಕೊಳ್ಳುವ ಫಿಲಿಪ್. ಇನ್ನೊಬ್ಬ, ಆಕಾಶ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸ್. ಒಬ್ಬ ಚಡಪಡಿಕೆಯವನು, ಇನ್ನೊಬ್ಬ ಮೈಮರೆವಿನವನು. ಈ ತೊಂದರೆಯ ಎರಡು ಮುಖಗಳೂ ಹೀಗೆ ಒಂದೇ ಪುಸ್ತಕದಲ್ಲಿವೆ. ಆದರೆ ವೈದ್ಯರ ಕಣ್ಣಿಗೆ ಬಹುಕಾಲ ಬಿದ್ದವನು ಫಿಲಿಪ್ ಮಾತ್ರ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್, ಬುದ್ಧಿಶಕ್ತಿ ಸರಿಯಿದ್ದೂ ಹತೋಟಿಯಿಲ್ಲದ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದಾಗ ಅದನ್ನು ‘ನೈತಿಕ ನಿಯಂತ್ರಣ’ದ ಕೊರತೆ ಎಂದು ವಿವರಿಸಿದ. ಮೈಮರೆತು ಸುಮ್ಮನೆ ಕೂರುವ ಮಗುವಿಗೆ ಆ ವಿವರಣೆಯಲ್ಲಿ ಜಾಗವಿರಲಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 1968ರಲ್ಲಿ ಹೊರತಂದ ರೋಗನಿದಾನದ ಕೈಪಿಡಿ ಇದಕ್ಕೆ ‘ಬಾಲ್ಯದ ಅತಿಚಟುವಟಿಕೆಯ ಪ್ರತಿಕ್ರಿಯೆ’ ಎಂದು ಹೆಸರಿಟ್ಟಿತು. ಹೆಸರಿನಲ್ಲಿಯೇ ಬಾಲ್ಯವಿತ್ತು. ಹದಿಹರೆಯದಲ್ಲಿ ಇದು ಸಾಮಾನ್ಯವಾಗಿ ಇಳಿಯುತ್ತದೆ ಎಂಬ ಮಾತೂ ಇತ್ತು. ಈ ತಪ್ಪಿಗೆ ಕಾರಣವಿದೆ. ಬೆಳೆದಂತೆ ಓಡಾಟ, ಕುಣಿದಾಟ ನಿಜಕ್ಕೂ ತಗ್ಗುತ್ತವೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು, ಮರೆವು, ಒಳಗಿನ ಚಡಪಡಿಕೆ ಹಲವರಲ್ಲಿ ಉಳಿಯುತ್ತವೆ. ಆ ಹೊತ್ತಿಗೆ ಅವರು ಮಕ್ಕಳ ವೈದ್ಯರ ಬಳಿಗೆ ಹೋಗುವುದನ್ನೇ ನಿಲ್ಲಿಸಿರುತ್ತಾರೆ.

ಈ ನಂಬಿಕೆ ಎರಡು ಕಡೆಯಿಂದ ಸಡಿಲಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಗೇಬ್ರಿಯೆಲ್ ವೈಸ್ ಮತ್ತವರ ಸಹೋದ್ಯೋಗಿಗಳು ಇಂಥ ಮಕ್ಕಳನ್ನು ಪ್ರಾಯದವರೆಗೂ ಹಿಂಬಾಲಿಸಿ ನೋಡಿದರು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಇದೇ ದಾರಿಯಲ್ಲಿ ಹಿಂದಕ್ಕೆ ನಡೆದರು. ಚಂಚಲತೆ, ಮುಂಗೋಪ, ಅಸ್ತವ್ಯಸ್ತ ಬದುಕಿನಿಂದ ಬಳಲುತ್ತಿದ್ದ ವಯಸ್ಕರನ್ನು ಕುರಿತು 1976ರಲ್ಲಿ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಇವರ ಬಾಲ್ಯ ಹೇಗಿತ್ತೆಂದು ತಿಳಿಯಲು ತಂಡ ಅವರ ತಾಯಂದಿರಿಗೇ ಪ್ರಶ್ನಾವಳಿ ಕೊಟ್ಟಿತು. ಎಲ್ಲರ ತಾಯಿಯೂ ಸಿಗುವುದಿಲ್ಲವಲ್ಲ! ಅದಕ್ಕಾಗಿ, ರೋಗಿ ತನ್ನ ಬಾಲ್ಯವನ್ನು ತಾನೇ ನೆನೆದು ಉತ್ತರಿಸುವ 61 ಪ್ರಶ್ನೆಗಳ ಪಟ್ಟಿಯೊಂದು 1993ರಲ್ಲಿ ಪ್ರಕಟವಾಯಿತು.

ಈ ನಡುವೆ 1980ರಲ್ಲಿ ಕೈಪಿಡಿ ಪರಿಷ್ಕಾರಗೊಂಡು ಚಟುವಟಿಕೆಯ ಬದಲು ಗಮನಕ್ಕೆ ಮೊದಲ ಸ್ಥಾನ ಕೊಟ್ಟಿತು. ಅತಿಚಟುವಟಿಕೆ ಇಲ್ಲದೆಯೂ ತೊಂದರೆ ಇರಬಹುದು, ದೊಡ್ಡವರಲ್ಲಿಯೂ ಉಳಿಯಬಹುದು ಎಂದು ಒಪ್ಪಿತು. ಹಾನ್ಸ್‌ನ ಸರದಿ ಬಂದದ್ದು ಆಗ. ಗಲಾಟೆ ಮಾಡದ ಕಾರಣಕ್ಕೇ ಯಾರ ಗಮನಕ್ಕೂ ಬಾರದಿದ್ದ ಹೆಣ್ಣುಮಕ್ಕಳ ಸರದಿಯೂ ಆಗಲೇ.

ಆದರೆ ನೆನಪು ನಂಬತಕ್ಕ ಸಾಕ್ಷಿಯೇ? ಬಾಲ್ಯದಲ್ಲೇ ತೊಂದರೆ ದಾಖಲಾಗಿದ್ದ ಹುಡುಗರನ್ನು ಪ್ರಾಯದಲ್ಲಿ ಮತ್ತೆ ಮಾತನಾಡಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಹೊರಬಂತು. ನೆನಪಿನ ಆಧಾರದಿಂದ ಅವರಲ್ಲಿ ಶೇ 78ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ತೊಂದರೆಯೇ ಇಲ್ಲದವರಲ್ಲಿ ಶೇ 11 ಮಂದಿಗೂ ಅದೇ ಹಣೆಪಟ್ಟಿ ಬಿತ್ತು. ಚಿಕ್ಕ ಸಂಖ್ಯೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ನೂರು ಜನರಲ್ಲಿ ಐವರಿಗೆ ತೊಂದರೆ ಇದೆಯೆಂದರೆ ಅವರಲ್ಲಿ ನಾಲ್ವರು ಸಿಗುತ್ತಾರೆ. ಉಳಿದ 95 ಜನರಲ್ಲಿ ಹತ್ತು ಮಂದಿ ತಪ್ಪಾಗಿ ಸೇರಿಕೊಳ್ಳುತ್ತಾರೆ! ಹುಟ್ಟಿನಿಂದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸುತ್ತ ಬಂದ ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನ 2015ರಲ್ಲಿ ಇನ್ನೊಂದು ಸಂಗತಿ ತಿಳಿಸಿತು. ಪ್ರಾಯದಲ್ಲಿ ಲಕ್ಷಣಗಳಿದ್ದವರಲ್ಲಿ ಶೇ 90ರಷ್ಟು ಜನರ ಬಾಲ್ಯದಲ್ಲಿ ಈ ತೊಂದರೆ ದಾಖಲಾಗಿರಲೇ ಇಲ್ಲ. ಅವರದು ಬೇರೆಯೇ ಸಮಸ್ಯೆಯೇ, ಅಥವಾ ಬಾಲ್ಯದಲ್ಲಿ ಕಣ್ತಪ್ಪಿತೇ ಎಂಬ ಚರ್ಚೆ ಅಲ್ಲಿಂದ ಬಿಸಿಯೇರಿತು.

2013ರ ಕೈಪಿಡಿಯಂತೆ, ಹಲವು ಲಕ್ಷಣಗಳಾದರೂ ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಅದಕ್ಕೆ ಮೊದಲು ಈ ಗಡಿ ಏಳು ವರ್ಷವಾಗಿತ್ತು. ಆದ್ದರಿಂದಲೇ ವೈದ್ಯರು ನೆನಪೊಂದನ್ನೇ ನೆಚ್ಚದೆ ಮನೆಯವರನ್ನು ಕೇಳುತ್ತಾರೆ, ಹಳೆಯ ಶಾಲಾ ವರದಿ ಇದ್ದರೆ ತರಲು ಹೇಳುತ್ತಾರೆ. ‘ಬುದ್ಧಿವಂತ, ಆದರೆ ಶ್ರದ್ಧೆಯಿಲ್ಲ’ ಎಂದು ಮೇಷ್ಟ್ರು ದೂರಿನಂತೆ ಬರೆದ ಷರಾ ಮೂವತ್ತು ವರ್ಷಗಳ ನಂತರ ಸಾಕ್ಷಿಯಾಗಿ ಒದಗಬಹುದು. ಸೋಮಾರಿ ಎಂಬ ಹೆಸರನ್ನು ಜೀವಮಾನವಿಡೀ ಹೊತ್ತವರಿಗೆ ಅದೇನು ಸಣ್ಣ ವಿಷಯವಲ್ಲ. ಟ್ರಂಕಿನ ತಳದಲ್ಲಿರುವ ಹಳೆಯ ಅಂಕಪಟ್ಟಿಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡುವುದು ಒಳ್ಳೆಯದು.